ಒಂದು ಕಿ.ಮೀ. ರೈಲು ಮಾರ್ಗಕ್ಕೆ ಎಷ್ಟು ಇಂಗಾಲ? ಬಿಒಕ್ಯೂ ಹಿಡಿದು ಲೆಕ್ಕ ಹಾಕುವ, ಇಳಿಸುವ ಬಗೆ

ರೈಲ್ವೆ ಕಾಮಗಾರಿಯ ಸೈಟ್ ಆಫೀಸಿನಲ್ಲಿ ಎಲ್ಲರ ಕೈಗೂ ಸಿಗುವ ಕಡತವೆಂದರೆ ಬಿಒಕ್ಯೂ, ಅಂದರೆ ಬಿಲ್ ಆಫ್ ಕ್ವಾಂಟಿಟೀಸ್, ಕೆಲಸದ ಪ್ರಮಾಣಗಳ ಪಟ್ಟಿ. ಎಷ್ಟು ಘನ ಮೀಟರ್ ಮಣ್ಣು, ಎಷ್ಟು ಕಾಂಕ್ರೀಟ್, ಎಷ್ಟು ಟನ್ ಕಬ್ಬಿಣ, ಎಲ್ಲ ಅದರಲ್ಲಿದೆ. ಪಕ್ಕದಲ್ಲಿ ದರ, ಅದರ ಪಕ್ಕದಲ್ಲಿ ಮೊತ್ತ. ಮೊತ್ತದ ಪಕ್ಕಕ್ಕೆ ಇನ್ನೊಂದು ಕಾಲಂ ಎಳೆದು, ಪ್ರತಿ ಸಾಲಿನ ಕೆಲಸಕ್ಕೆ ಎಷ್ಟು ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ ಎಂದು ಬರೆಯುತ್ತಾ ಹೋದರೆ ಯೋಜನೆಯ ಕಾರ್ಬನ್ ಲೆಕ್ಕ ಮುಕ್ಕಾಲು ಪಾಲು ಮುಗಿಯಿತು. ಅದಕ್ಕೆ ದುಬಾರಿ ಸಾಫ್ಟ್‌ವೇರ್ ಬೇಕಿಲ್ಲ, ಎಕ್ಸೆಲ್ ಸಾಕು. ಆದರೆ ಆ ಕಾಲಂ ತುಂಬುವ ಹೊತ್ತು ಮುಖ್ಯ. ಡ್ರಾಯಿಂಗಿನ ಗೆರೆ ಇನ್ನೂ ಅತ್ತಿತ್ತ ಸರಿಯುವಾಗಲೇ ತುಂಬಬೇಕು. ಟೆಂಡರ್ ಮುಗಿದ ಮೇಲೆ ತುಂಬಿದರೆ ಬದಲಿಸಲು ಉಳಿಯುವುದು ಬಹಳ ಕಡಿಮೆ.

ಭಾರತೀಯ ರೈಲ್ವೆ 2030ರೊಳಗೆ ನಿವ್ವಳ ಶೂನ್ಯ ಹೊರಸೂಸುವಿಕೆಯ ಗುರಿ ಇಟ್ಟುಕೊಂಡಿದೆ. ಬ್ರಾಡ್‌ಗೇಜ್ ಜಾಲದ ವಿದ್ಯುದೀಕರಣ ಬಹುತೇಕ ಮುಗಿದಿದೆ. ರೈಲು ಓಡಿಸುವ ಹೊಗೆ ಕಡಿಮೆಯಾಗುತ್ತಾ ಬಂದಂತೆ, ಹಳಿ ಹಾಕುವ ಹೊಗೆಯ ಪಾಲು ಹೆಚ್ಚಾಗಿ ಕಾಣುತ್ತದೆ. ಗದಗ–ವಾಡಿ, ತುಮಕೂರು–ದಾವಣಗೆರೆ, ಬೆಂಗಳೂರು ಉಪನಗರ ರೈಲು ಎಂದು ನಮ್ಮ ರಾಜ್ಯದಲ್ಲೇ ದೊಡ್ಡ ಕಾಮಗಾರಿಗಳಿವೆ. ಇಂಥ ಕಡೆ ಕೆಲಸ ಮಾಡುವ ಕಿರಿಯ ಎಂಜಿನಿಯರುಗಳು, ಗುತ್ತಿಗೆದಾರರ ಬಿಲ್ಲಿಂಗ್ ಹುಡುಗರು, ಸಿವಿಲ್ ಓದುತ್ತಿರುವ ವಿದ್ಯಾರ್ಥಿಗಳು ನನ್ನ ಮನಸ್ಸಿನಲ್ಲಿದ್ದಾರೆ.

ಹೆಜ್ಜೆ 1: ಯಾವುದು ಲೆಕ್ಕದೊಳಗೆ, ಯಾವುದು ಹೊರಗೆ

ಯುರೋಪಿನ ಇಎನ್ 17472 ಎಂಬ ಮಾನದಂಡ ಸಿವಿಲ್ ಕಾಮಗಾರಿಯ ಆಯುಸ್ಸನ್ನು ಭಾಗ ಮಾಡಿ ಹೆಸರಿಟ್ಟಿದೆ. ಎ1ರಿಂದ ಎ3 ಎಂದರೆ ಸಾಮಗ್ರಿ ತಯಾರಿ, ಎ4 ಸೈಟಿಗೆ ಸಾಗಣೆ, ಎ5 ಸೈಟಿನ ಕೆಲಸ, ಬಿ ಬಳಕೆ ಮತ್ತು ನಿರ್ವಹಣೆ, ಸಿ ಕೊನೆಗೆ ಕಿತ್ತು ಹಾಕುವುದು. ನಾವೂ ಇದೇ ಹೆಸರುಗಳನ್ನು ಬಳಸುವುದು ಒಳ್ಳೆಯದು. ಬೇರೆ ಯೋಜನೆಯ ಲೆಕ್ಕದ ಜೊತೆ ಹೋಲಿಸುವಾಗ ಎರಡೂ ಕಡೆ ಏನೇನು ಸೇರಿದೆ ಎಂಬುದು ತಕ್ಷಣ ತಿಳಿಯುತ್ತದೆ. ಮೊದಲ ಸಲ ಮಾಡುವವರು ಎ1ರಿಂದ ಎ5ರವರೆಗೆ ಸರಿಯಾಗಿ ಮಾಡಿ, ನಿರ್ವಹಣೆಗೆ ಒಂದು ಅಂದಾಜು ಸೇರಿಸಿದರೆ ಸಾಕು.

ಒಂದು ವಿಷಯದಲ್ಲಿ ಮಾತ್ರ ನನ್ನದು ಹಟ. ‘ಈ ಮಾರ್ಗ ಬಂದರೆ ಲಾರಿಗಳು ಕಡಿಮೆಯಾಗಿ ಮುಂದೆ ಇಷ್ಟು ಇಂಗಾಲ ಉಳಿಯುತ್ತದೆ’ ಎಂಬ ಸಂಖ್ಯೆಯನ್ನು ನಿರ್ಮಾಣದ ಲೆಕ್ಕದಿಂದ ಕಳೆಯಬೇಡಿ. ಆ ಉಳಿತಾಯ ನಿಜವೇ ಇರಬಹುದು, ಬೇರೆ ಪುಟದಲ್ಲಿ ಬರೆಯಿರಿ. ಕಳೆದುಬಿಟ್ಟರೆ ಎಲ್ಲ ಯೋಜನೆಯೂ ಋಣಾತ್ಮಕವಾಗಿ ಕಂಡು, ಒಂದು ಮೂಟೆ ಸಿಮೆಂಟ್ ಉಳಿಸಲೂ ಯಾರಿಗೂ ಮನಸ್ಸಾಗುವುದಿಲ್ಲ.

ಹೆಜ್ಜೆ 2: ಬಿಒಕ್ಯೂ ಸಾಲುಗಳನ್ನು ತೂಕಕ್ಕೆ ಇಳಿಸಿ

ಬಿಒಕ್ಯೂನಲ್ಲಿ ಮಣ್ಣು ಘನ ಮೀಟರಿನಲ್ಲಿ, ಕಬ್ಬಿಣ ಟನ್ನಿನಲ್ಲಿ, ಹಳಿಯಡಿ ಅಡ್ಡಲಾಗಿ ಇಡುವ ಸ್ಲೀಪರ್ ಸಂಖ್ಯೆಯಲ್ಲಿ, ಪೈಪು ರನ್ನಿಂಗ್ ಮೀಟರಿನಲ್ಲಿ ಇರುತ್ತದೆ. ಎಲ್ಲವನ್ನೂ ಟನ್ ಅಥವಾ ಘನ ಮೀಟರಿಗೆ ತನ್ನಿ. ಎಲ್ಲರೂ ಎಡವುವ ಜಾಗ ಎರಡು. ಒಂದು, ರೂಟ್ ಕಿ.ಮೀ. ಮತ್ತು ಟ್ರ್ಯಾಕ್ ಕಿ.ಮೀ. ಬೆರೆಸುವುದು: ಜೋಡಿ ಮಾರ್ಗದ ಒಂದು ರೂಟ್ ಕಿ.ಮೀ.ನಲ್ಲಿ ಎರಡು ಟ್ರ್ಯಾಕ್ ಕಿ.ಮೀ. ಇದೆ, ಸ್ಟೇಷನ್ ಯಾರ್ಡಿನಲ್ಲಿ ಇನ್ನೂ ಹೆಚ್ಚು. ಎರಡು, ರೈಲ್ವೆಯೇ ಪೂರೈಸುವ ಹಳಿ, ಸ್ಲೀಪರುಗಳನ್ನು ಮರೆಯುವುದು. ಅವು ಗುತ್ತಿಗೆದಾರರ ಬಿಒಕ್ಯೂನಲ್ಲಿ ಕಾಣದೆ ಹೋಗಬಹುದು. ಹಳಿಯನ್ನೇ ಬಿಟ್ಟು ಮಾಡಿದ ಕಾರ್ಬನ್ ಲೆಕ್ಕವನ್ನು ನಾನು ನೋಡಿದ್ದೇನೆ. ಆ ಸೈಟಿನ ಅತಿ ದೊಡ್ಡ ಸಾಲುಗಳಲ್ಲೊಂದೇ ಅದರಲ್ಲಿ ಇರಲಿಲ್ಲ.

ಹೆಜ್ಜೆ 3: ಗುಣಕಗಳನ್ನು ಕೂಡಿಸಿಕೊಳ್ಳಿ

ಒಂದು ಟನ್ ಸಾಮಗ್ರಿಗೆ ಎಷ್ಟು ಟನ್ ಇಂಗಾಲದ ಡೈಆಕ್ಸೈಡ್ ಎಂಬ ಸಂಖ್ಯೆಯೇ ಗುಣಕ. ಆರಂಭಕ್ಕೆ ಇವು ಸಾಕು:

- ಉಕ್ಕು: ಭಾರತದ ಸರಾಸರಿ ಟನ್ನಿಗೆ ಸುಮಾರು 2.5 ಟನ್.
- ಒಪಿಸಿ, ಅಂದರೆ ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟ್: ಟನ್ನಿಗೆ ಸುಮಾರು 0.85 ಟನ್.
- ಪುಡಿ ಮಾಡಿದ ಸ್ಲ್ಯಾಗ್, ಅಂದರೆ ಉಕ್ಕಿನ ಕಾರ್ಖಾನೆಯ ಕಿಟ್ಟ: ಟನ್ನಿಗೆ 0.1 ಟನ್ನಿಗಿಂತ ಕಡಿಮೆ.
- ಡೀಸೆಲ್: ಲೀಟರಿಗೆ 2.68 ಕೆ.ಜಿ.
- ಗ್ರಿಡ್ ವಿದ್ಯುತ್: ಯೂನಿಟ್ಟಿಗೆ ಸುಮಾರು 0.7 ಕೆ.ಜಿ. ಕೇಂದ್ರ ವಿದ್ಯುತ್ ಪ್ರಾಧಿಕಾರ ಇದನ್ನು ಪರಿಷ್ಕರಿಸಿ ಪ್ರಕಟಿಸುತ್ತಿರುತ್ತದೆ, ಇತ್ತೀಚಿನದನ್ನೇ ಬಳಸಿ.

ಪೂರೈಕೆದಾರರು ತಮ್ಮ ಉತ್ಪನ್ನದ ಪರಿಸರ ಘೋಷಣಾ ಪತ್ರ ಕೊಟ್ಟರೆ, ಅಂದರೆ ಇಪಿಡಿ ಕೊಟ್ಟರೆ, ಸರಾಸರಿಯನ್ನು ಬಿಟ್ಟು ಅದರ ಸಂಖ್ಯೆ ಹಾಕಿ. ಪ್ರತಿ ಸಂಖ್ಯೆಯ ಪಕ್ಕದಲ್ಲೂ ಎ, ಬಿ, ಸಿ ಎಂದು ಗುರುತು ಮಾಡಿ (ಹೆಜ್ಜೆ 1ರ ಹೆಸರುಗಳಿಗೂ ಇದಕ್ಕೂ ಸಂಬಂಧವಿಲ್ಲ): ಎ ಪೂರೈಕೆದಾರರ ಪತ್ರ, ಬಿ ದೇಶದ ಸರಾಸರಿ, ಸಿ ನಿಮ್ಮ ಅಂದಾಜು. ಆರು ತಿಂಗಳ ನಂತರ ಯಾರಾದರೂ ‘ಈ ಸಂಖ್ಯೆ ಎಲ್ಲಿಂದ ಬಂತು?’ ಎಂದು ಕೇಳಿದಾಗ ನಿಮ್ಮನ್ನು ಕಾಪಾಡುವುದು ಈ ಗುರುತು.

ಹೆಜ್ಜೆ 4: ಒಂದು ಕಿ.ಮೀ. ಲೆಕ್ಕ ಮಾಡಿ ನೋಡಿ

ಇಡೀ ಯೋಜನೆಗೆ ಕೈ ಹಾಕುವ ಮೊದಲು ಒಂದೇ ಕಿ.ಮೀ. ತೆಗೆದುಕೊಳ್ಳಿ. ಬಯಲುಸೀಮೆಯಲ್ಲಿ ಹೊಸ ಒಂಟಿ ಮಾರ್ಗ, ನಾಲ್ಕು ಮೀಟರ್ ಎತ್ತರದ ಮಣ್ಣಿನ ಏರಿ, ನಡುವೆ ನೀರು ಹಾಯಲು ಒಂದು ಬಾಕ್ಸ್ ಕಲ್ವರ್ಟ್, ಅಂದರೆ ಕಾಂಕ್ರೀಟಿನ ಕಿರುಸೇತುವೆ ಎಂದಿಟ್ಟುಕೊಳ್ಳೋಣ.

ಹಳಿಯ ತೂಕ ಮೀಟರಿಗೆ 60 ಕೆ.ಜಿ. ಎರಡು ಹಳಿ ಸೇರಿ ಕಿ.ಮೀ.ಗೆ 120 ಟನ್, ಅಂದರೆ 300 ಟನ್ ಇಂಗಾಲದ ಡೈಆಕ್ಸೈಡ್. ಸ್ಲೀಪರುಗಳು 1,660. ಒಂದಕ್ಕೆ ಸುಮಾರು 300 ಕೆ.ಜಿ. ಎಂದು ಹಿಡಿದರೆ ಒಟ್ಟು 500 ಟನ್ ಕಾಂಕ್ರೀಟ್. ಅದರೊಳಗಿನ ಸಿಮೆಂಟಿಗೆ 80 ಟನ್, ಬಿಗಿದ ಉಕ್ಕಿನ ತಂತಿಗೆ 33 ಟನ್. ಹೊಸ ಅಗಲ ಸ್ಲೀಪರುಗಳು ಇದಕ್ಕಿಂತ ಭಾರ, ಅಂಥ ಕಡೆ ಇದು ಹೆಚ್ಚಾಗುತ್ತದೆ. ಕ್ಲಿಪ್, ಇನ್ಸರ್ಟ್ ಮುಂತಾದ ಕಬ್ಬಿಣ ಸಾಮಾನು ಸ್ಲೀಪರಿಗೆ 10 ಕೆ.ಜಿ.ಯಂತೆ ಹಿಡಿದರೆ ಇನ್ನೂ 40 ಟನ್. ಜಲ್ಲಿ 2,200 ಘನ ಮೀಟರ್, ಅಂದರೆ ಸುಮಾರು 3,300 ಟನ್. ಕ್ವಾರಿಯಲ್ಲಿ ಒಡೆಯುವುದಕ್ಕೆ, 50 ಕಿ.ಮೀ. ದೂರದಿಂದ ತರುವುದಕ್ಕೆ ತಲಾ 15 ಟನ್ ಆಸುಪಾಸು. ಹಳಿ, ಸ್ಲೀಪರ್, ಜಲ್ಲಿ ಎಲ್ಲ ಸೇರಿ ಹತ್ತಿರ ಹತ್ತಿರ 485 ಟನ್.

ಈಗ ಮಣ್ಣು. ಒಂಟಿ ಮಾರ್ಗದ ಏರಿಯ ಮೇಲಿನ ಅಗಲ 7.85 ಮೀಟರ್. ಇಳಿಜಾರು ಎರಡಕ್ಕೆ ಒಂದರಂತೆ ಇದ್ದರೆ ಕೆಳಗಿನ ಅಗಲ 23.85 ಮೀಟರ್. ಕಿ.ಮೀ.ಗೆ 63,400 ಘನ ಮೀಟರ್ ಮಣ್ಣು. ಗರಸು ಮಣ್ಣಿನ ಗುಡ್ಡ 25 ಕಿ.ಮೀ. ದೂರದಲ್ಲಿದೆ, ಟಿಪ್ಪರ್ ಒಂದು ಟ್ರಿಪ್ಪಿಗೆ 10 ಘನ ಮೀಟರ್ ತರುತ್ತದೆ, ಲೀಟರಿಗೆ 3 ಕಿ.ಮೀ. ಕೊಡುತ್ತದೆ ಎಂದುಕೊಳ್ಳಿ. 6,340 ಟ್ರಿಪ್, ಹೋಗಿ ಬರಲು ತಲಾ 50 ಕಿ.ಮೀ., ಒಟ್ಟು ಒಂದು ಲಕ್ಷ ಲೀಟರಿಗೂ ಹೆಚ್ಚು ಡೀಸೆಲ್. ಅದೇ 283 ಟನ್. ಅಗೆಯುವ ಹಿಟಾಚಿ, ಗ್ರೇಡರ್, ರೋಲರ್ ಸೇರಿ ಘನ ಮೀಟರಿಗೆ ಅರ್ಧ ಲೀಟರ್ ಕುಡಿದರೆ ಇನ್ನೂ 85 ಟನ್.

ಕಲ್ವರ್ಟಿಗೆ 300 ಘನ ಮೀಟರ್ ಎಂ35 ದರ್ಜೆಯ ಕಾಂಕ್ರೀಟ್, ಘನ ಮೀಟರಿಗೆ 400 ಕೆ.ಜಿ. ಒಪಿಸಿ, 100 ಕೆ.ಜಿ. ಸರಳು ಎಂದರೆ ಸಿಮೆಂಟಿಗೆ 102, ಕಬ್ಬಿಣಕ್ಕೆ 75, ಒಟ್ಟು 177 ಟನ್.

ಕಿ.ಮೀ.ಗೆ ಒಟ್ಟು ಸುಮಾರು 1,030 ಟನ್. ನಿಮ್ಮ ಸೈಟಿನ ಸಂಖ್ಯೆ ಬೇರೆಯೇ ಇರುತ್ತದೆ, ಎರವಲು ತೆಗೆದುಕೊಳ್ಳಬೇಡಿ, ನೀವೇ ಮಾಡಿ. ಆದರೆ ಈ ಲೆಕ್ಕದಲ್ಲಿ ಒಂದು ಸಂಗತಿಯನ್ನು ಗಮನಿಸಿ: 25 ಕಿ.ಮೀ. ದೂರದಿಂದ ಮಣ್ಣು ಹೊರುವ ಟಿಪ್ಪರುಗಳ ಹೊಗೆ, ಆ ಮಾರ್ಗದ ಉಕ್ಕಿನ ಹಳಿಯ ಹೊಗೆಗೆ ಹೆಚ್ಚುಕಡಿಮೆ ಸಮ. ಹೊಸ ಹಳಿಯ ಬಗ್ಗೆ ಸೈಟಿನಲ್ಲಿ ನಾವು ಏನೂ ಮಾಡಲಾರೆವು. ಮಣ್ಣಿನ ಬಗ್ಗೆ ಬಹಳಷ್ಟು ಮಾಡಬಹುದು.

ಹೆಜ್ಜೆ 5: ಮಣ್ಣಿನ ಕೆಲಸವನ್ನು ಮೊದಲು ಹಿಡಿಯಿರಿ

ಲೀಡ್, ಅಂದರೆ ಮಣ್ಣು ತರುವ ದೂರ, 25ರಿಂದ 10 ಕಿ.ಮೀ.ಗೆ ಇಳಿದರೆ ಮೇಲಿನ ಲೆಕ್ಕದಲ್ಲಿ 283 ಟನ್ 113ಕ್ಕೆ ಇಳಿಯುತ್ತದೆ. ಒಂದು ಕಿ.ಮೀ.ಗೆ 170 ಟನ್ ಉಳಿತಾಯ, ಜೊತೆಗೆ 63,000 ಲೀಟರಿಗೂ ಹೆಚ್ಚು ಡೀಸೆಲ್ ಹಣ. ಇದಕ್ಕೆ ದಾರಿ, ಸರ್ವೆ ಹಂತದಲ್ಲೇ ಮಣ್ಣಿನ ಪರೀಕ್ಷೆಗಳನ್ನು ಹೆಚ್ಚು ಕಡೆ ಮಾಡಿಸುವುದು. ಹತ್ತಿರದ ಗುಡ್ಡದ ಮಣ್ಣು ನಡೆಯುತ್ತದೋ ಇಲ್ಲವೋ ಗೊತ್ತಿಲ್ಲದೆ, ಗೊತ್ತಿರುವ ದೂರದ ಗುಡ್ಡಕ್ಕೆ ಹೋಗುವುದು ನಮ್ಮಲ್ಲಿ ರೂಢಿ. ಹತ್ತು ಸ್ಯಾಂಪಲ್ಲಿನ ಖರ್ಚು ಒಂದು ವಾರದ ಡೀಸೆಲ್ಲಿಗೂ ಸಾಟಿಯಲ್ಲ. ದಿಬ್ಬ ಕಡಿದು ದಾರಿ ಮಾಡುವ ಕಟಿಂಗಿನಲ್ಲಿ ತೆಗೆದ ಮಣ್ಣು ಪಕ್ಕದ ಏರಿಗೇ ಹೋಗುವಂತೆ ಕೆಲಸದ ಸರದಿ ಇಟ್ಟುಕೊಳ್ಳಿ. ಕಟಿಂಗ್ ಒಬ್ಬ ಉಪಗುತ್ತಿಗೆದಾರನಿಗೆ, ಏರಿ ಇನ್ನೊಬ್ಬನಿಗೆ ಕೊಟ್ಟರೆ ಒಬ್ಬ ಮಣ್ಣು ಹೊರಗೆ ಸುರಿಯುತ್ತಾನೆ, ಇನ್ನೊಬ್ಬ ಹೊರಗಿನಿಂದ ತರುತ್ತಾನೆ. ಇದನ್ನು ಕಣ್ಣಾರೆ ನೋಡಿ ಸಂಕಟಪಟ್ಟಿದ್ದೇನೆ.

ಕೆರೆ ಹೂಳೆತ್ತುವ ಕೆಲಸ ಹತ್ತಿರದಲ್ಲಿ ನಡೆಯುತ್ತಿದ್ದರೆ ಆ ಮಣ್ಣನ್ನೂ ಪರೀಕ್ಷಿಸಿ. ಮೇಲಿನ ಹೂಳು ಹೊಲಕ್ಕೆ ಒಳ್ಳೆಯದು, ಏರಿಗೆ ಬಾರದು. ಅದರ ಕೆಳಗಿನ ಗಟ್ಟಿ ಪದರ ಕೆಲವು ಕಡೆ ಉಪಯೋಗಕ್ಕೆ ಬರುತ್ತದೆ.

ಏರಿಯ ಎತ್ತರವನ್ನೂ ಪ್ರಶ್ನಿಸಿ. ನಾಲ್ಕು ಮೀಟರನ್ನು ಮೂರೂವರೆಗೆ ಇಳಿಸಿದರೆ ಕಿ.ಮೀ.ಗೆ 11,000 ಘನ ಮೀಟರಿಗೂ ಹೆಚ್ಚು ಮಣ್ಣು ಉಳಿಯುತ್ತದೆ. ಇದು ಎಲ್ಲ ಕಡೆ ಆಗುವ ಮಾತಲ್ಲ. ಹಳ್ಳದ ಪ್ರವಾಹ ಮಟ್ಟ, ಹೊಲದ ದಾರಿಯ ಅಂಡರ್‌ಪಾಸಿಗೆ ಬೇಕಾದ ಎತ್ತರ, ರೂಲಿಂಗ್ ಗ್ರೇಡಿಯಂಟ್ ಅಂದರೆ ಮಾರ್ಗಕ್ಕೆ ಒಪ್ಪಿದ ಗರಿಷ್ಠ ಏರು, ಇವು ಬಿಡುವುದಿಲ್ಲ. ಆದರೂ ಒಂದು ಅಂಡರ್‌ಪಾಸಿನ ಎತ್ತರಕ್ಕಾಗಿ ಎರಡು ಕಿ.ಮೀ. ಏರಿಯನ್ನೇ ಎತ್ತರಿಸಿದ ಕಡೆ, ಆ ದಾಟುವ ಜಾಗವನ್ನು ಸ್ವಲ್ಪ ಸರಿಸಿದರೆ ಸಾಕಾಗುತ್ತದೋ ಎಂದು ಊರಿನವರನ್ನು ಕೇಳಿ ನೋಡಬೇಕು. ಎತ್ತು-ಗಾಡಿ ಎಲ್ಲಿ ಹಾಯುತ್ತವೆ ಎಂಬುದು ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ.

ಎರೆ ಭೂಮಿಯ ವಿಷಯ ಬೇರೆಯಾಗಿ ಹೇಳಬೇಕು. ಗದಗ, ಕೊಪ್ಪಳ, ಯಾದಗಿರಿ ಕಡೆಯ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಅದನ್ನು ತೆಗೆದು ಗರಸು ತುಂಬಬೇಕು, ಇಲ್ಲವೇ ಸುಣ್ಣ ಬೆರೆಸಿ ಗಟ್ಟಿ ಮಾಡಬೇಕು. ಮಣ್ಣು ಹೊರುವುದಿಲ್ಲವಾದ್ದರಿಂದ ಸುಣ್ಣವೇ ಪರಿಸರಕ್ಕೆ ಒಳ್ಳೆಯದು ಎಂಬ ಮಾತು ಕೇಳಿರುತ್ತೀರಿ. ಲೆಕ್ಕ ಮಾಡಿ. 24 ಮೀಟರ್ ಅಗಲ, 30 ಸೆಂ.ಮೀ. ಆಳ ಎಂದರೆ ಕಿ.ಮೀ.ಗೆ 7,200 ಘನ ಮೀಟರ್. ಅದನ್ನು ತೆಗೆದು, ಅಷ್ಟೇ ಗರಸನ್ನು 25 ಕಿ.ಮೀ.ನಿಂದ ತರಲು ಟಿಪ್ಪರ್ ಹೊಗೆ ಸುಮಾರು 32 ಟನ್. ಅದೇ ಮಣ್ಣಿಗೆ ತೂಕದ ಶೇ. 4ರಷ್ಟು ಸುಟ್ಟ ಸುಣ್ಣ ಬೆರೆಸಿದರೆ 460 ಟನ್ ಸುಣ್ಣ ಬೇಕು. ಸುಣ್ಣದ ಕಲ್ಲು ಸುಡುವಾಗ ಕಲ್ಲಿನಿಂದಲೇ ಟನ್ ಸುಣ್ಣಕ್ಕೆ 0.78 ಟನ್ ಇಂಗಾಲದ ಡೈಆಕ್ಸೈಡ್ ಹೊರಡುತ್ತದೆ. ಒಟ್ಟು 360 ಟನ್ ಆಯಿತು, ಭಟ್ಟಿಯ ಇಂಧನ ಇನ್ನೂ ಸೇರಿಲ್ಲ. ಸುಣ್ಣ ಮುಂದೆ ಗಾಳಿಯಿಂದ ಸ್ವಲ್ಪ ಇಂಗಾಲವನ್ನು ಮರಳಿ ಹೀರುತ್ತದೆ, ನಿಜ, ಆದರೆ ಈ ಅಂತರ ಅಷ್ಟಕ್ಕೆ ಮುಚ್ಚುವುದಿಲ್ಲ. ಗರಸು ಸಿಗುವ ದೂರದಲ್ಲಿದ್ದರೆ ಹಳೆಯ ಪದ್ಧತಿಯೇ ಮೇಲು. ತೆಗೆದ ಎರೆಮಣ್ಣು ಫಲವತ್ತಾದದ್ದು. ಅದನ್ನು ರೈತರ ಹೊಲಕ್ಕೆ ತಲುಪಿಸಿ, ಗುಂಡಿಗೆ ಸುರಿಯಬೇಡಿ.

ಹೆಜ್ಜೆ 6: ಕಾಂಕ್ರೀಟಿನಲ್ಲಿ ಸಿಮೆಂಟ್ ಇಳಿಸಿ

ಸಿಮೆಂಟಿನ ಇಂಗಾಲದ ಹೆಚ್ಚಿನ ಪಾಲು ಇಂಧನದಿಂದ ಬರುವುದಿಲ್ಲ, ಸುಣ್ಣದ ಕಲ್ಲಿನಿಂದಲೇ ಬರುತ್ತದೆ. ಹಾಗಾಗಿ ಆ ಕಲ್ಲು ಸುಟ್ಟು ಮಾಡುವ ಕ್ಲಿಂಕರಿನ ಪ್ರಮಾಣ ಇಳಿಸುವುದೇ ಮುಖ್ಯ ದಾರಿ. ಈ ವಿಷಯದಲ್ಲಿ ಉತ್ತರ ಕರ್ನಾಟಕದ ಅದೃಷ್ಟ ದೊಡ್ಡದು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಕಿಟ್ಟ, ರಾಯಚೂರಿನ ಶಕ್ತಿನಗರ ಮತ್ತು ಬಳ್ಳಾರಿಯ ಕುಡಿತಿನಿ ಸ್ಥಾವರಗಳ ಹಾರುಬೂದಿ, ಸೇಡಂ–ವಾಡಿ ಸುತ್ತಲಿನ ಸಿಮೆಂಟ್ ಕಾರ್ಖಾನೆಗಳು, ಎಲ್ಲವೂ ನೆರೆಹೊರೆ ಜಿಲ್ಲೆಗಳಲ್ಲೇ ಇವೆ.

ಮೇಲಿನ ಕಲ್ವರ್ಟಿನಲ್ಲಿ ಒಪಿಸಿಯ ಅರ್ಧದಷ್ಟನ್ನು ಪುಡಿ ಕಿಟ್ಟಕ್ಕೆ ಬದಲಿಸಿದರೆ ಸುಮಾರು 46 ಟನ್ ಇಳಿಯುತ್ತದೆ. ಆ ಪುಡಿಗೆ ಐಎಸ್ 16714 ಎಂಬ ಮಾನದಂಡವಿದೆ. ಸ್ಲ್ಯಾಗ್ ಸಿಮೆಂಟಿಗೆ ಐಎಸ್ 455 ಇದ್ದು, ಅದು ಶೇ. 70ರವರೆಗೂ ಕಿಟ್ಟವನ್ನು ಒಪ್ಪುತ್ತದೆ. ಸುಟ್ಟ ಜೇಡಿ ಮತ್ತು ಸುಣ್ಣದ ಕಲ್ಲು ಬೆರೆಸಿದ ಹೊಸ ಬಗೆಯ ಸಿಮೆಂಟಿಗೂ 2023ರಲ್ಲಿ ಐಎಸ್ 18189 ಬಂದಿದೆ.

ಅಡಚಣೆ ಎಲ್ಲಿ ಬರುತ್ತದೆ ಗೊತ್ತೇ? ಸೆಂಟ್ರಿಂಗ್ ಬಿಚ್ಚುವುದರಲ್ಲಿ. ಕಿಟ್ಟ ಬೆರೆತ ಕಾಂಕ್ರೀಟ್ ಮೊದಲ ದಿನಗಳಲ್ಲಿ ನಿಧಾನವಾಗಿ ಬಲ ಪಡೆಯುತ್ತದೆ, ಚಳಿಗಾಲದಲ್ಲಿ ಇನ್ನೂ ನಿಧಾನ. ಬಲ ಪರೀಕ್ಷಿಸಲು ಎರಕ ಹೊಯ್ದ ಕ್ಯೂಬಿನ ಏಳನೇ ದಿನದ ಫಲಿತಾಂಶ ನೋಡಿ ಗಾಬರಿಯಾಗಿ ಮರುದಿನದಿಂದ ಒಪಿಸಿಗೆ ಮರಳುವವರೇ ಹೆಚ್ಚು. ಸ್ವಲ್ಪ ತಾಳಿ, 28ನೇ ದಿನದ ಮತ್ತು 56ನೇ ದಿನದ ಕ್ಯೂಬ್ ನೋಡಿ. ಬುನಾದಿ, ಪೈಲ್, ಅಬಟ್‌ಮೆಂಟ್, ರಿಟೇನಿಂಗ್ ಗೋಡೆ, ಇವಕ್ಕೆ ಆತುರವಿಲ್ಲ, ಇಲ್ಲಿ ಕಿಟ್ಟದ ಪ್ರಮಾಣ ಹೆಚ್ಚಿಸಿ. ಪ್ರಿಸ್ಟ್ರೆಸ್ ಗರ್ಡರಿಗೆ, ಅಂದರೆ ಬಿಗಿದ ತಂತಿಯ ಸೇತುವೆ ತೊಲೆಗೆ, ಬೇಗ ಬಲ ಬರಲೇಬೇಕು, ಅಲ್ಲಿ ಪ್ರಯೋಗ ಬೇಡ. ಕ್ಯೂರಿಂಗ್ ಮಾತ್ರ ಎಲ್ಲೂ ಕಡಿಮೆ ಮಾಡಬೇಡಿ, ಕಿಟ್ಟದ ಕಾಂಕ್ರೀಟ್ ನೀರನ್ನು ಹೆಚ್ಚು ದಿನ ಬೇಡುತ್ತದೆ.

ಮಿಕ್ಸ್ ಡಿಸೈನ್‌ಗಿಂತ ದೊಡ್ಡ ಉಳಿತಾಯ ಕಾಂಕ್ರೀಟನ್ನೇ ಹಾಕದಿರುವುದರಲ್ಲಿದೆ. ನಗರದಲ್ಲಿ ನೆಲಮಟ್ಟದ ಮಾರ್ಗ ಸಾಧ್ಯವಿರುವ ಕಡೆ ಎತ್ತರದ ವಯಡಕ್ಟ್ ಆಯ್ದುಕೊಂಡರೆ ಕಿ.ಮೀ.ಯ ಇಂಗಾಲ ಹಲವು ಪಟ್ಟು ಏರುತ್ತದೆ. ಸುಮಾರು 148 ಕಿ.ಮೀ.ನ ಬೆಂಗಳೂರು ಉಪನಗರ ರೈಲಿನಂಥ ಯೋಜನೆಯಲ್ಲಿ ಎಲ್ಲಿ ನೆಲದ ಮೇಲೆ, ಎಲ್ಲಿ ಕಂಬದ ಮೇಲೆ ಎಂಬ ಒಂದು ತೀರ್ಮಾನ, ಆಮೇಲಿನ ಎಲ್ಲ ಮಿಕ್ಸ್ ಡಿಸೈನ್‌ಗಳಿಗಿಂತ ತೂಕದ್ದು.

ಹೆಜ್ಜೆ 7: ಹಳಿ, ಸ್ಲೀಪರ್, ಜನರೇಟರ್

ಹಳಿ ಛತ್ತೀಸಗಢದ ಭಿಲಾಯಿ ಉಕ್ಕಿನ ಕಾರ್ಖಾನೆಯಿಂದ ಸಾವಿರ ಕಿ.ಮೀ.ಗೂ ದೂರದಿಂದ ಬರುತ್ತದಲ್ಲ ಎಂದು ಚಿಂತೆ ಬೇಡ. ರೈಲಿನಲ್ಲೇ ಬರುವುದರಿಂದ ಸಾಗಣೆಯ ಇಂಗಾಲ ಕಿ.ಮೀ. ಮಾರ್ಗಕ್ಕೆ ಕೆಲವೇ ಟನ್. 300 ಟನ್ ಇರುವುದು ಉಕ್ಕು ಕಾಯಿಸುವುದರಲ್ಲಿ. 2024ರ ಡಿಸೆಂಬರಿನಲ್ಲಿ ಉಕ್ಕು ಸಚಿವಾಲಯ ಹಸಿರು ಉಕ್ಕಿನ ವರ್ಗೀಕರಣ ಹೊರಡಿಸಿತು. ಟನ್ನಿಗೆ 2.2 ಟನ್ನಿಗಿಂತ ಕಡಿಮೆ ಇದ್ದರೆ ಹಸಿರು, 1.6ಕ್ಕಿಂತ ಕಡಿಮೆಯಾದರೆ ಐದು ನಕ್ಷತ್ರ. ಹಳಿ ಖರೀದಿ ಮೇಲಿನ ಮಟ್ಟದ ತೀರ್ಮಾನ, ಸ್ಲೀಪರ್ ಮಿಕ್ಸ್ ಬದಲಿಸಲು ರೈಲ್ವೆಯ ಸಂಶೋಧನೆ ಮತ್ತು ಮಾನದಂಡ ಸಂಸ್ಥೆಯಾದ ಲಖನೌದ ಆರ್‌ಡಿಎಸ್‌ಒ ಒಪ್ಪಿಗೆ ಬೇಕು. ಸೈಟಿನಲ್ಲಿ ನಮ್ಮ ಕೈಯಲ್ಲಿರುವುದು ಸರಳು ಖರೀದಿ ಮತ್ತು ಹಳೆ ಹಳಿಯ ಮರುಬಳಕೆ. ಮುಖ್ಯ ಮಾರ್ಗದಿಂದ ಬಿಚ್ಚಿದ ಹಳಿಗಳಲ್ಲಿ ಪರೀಕ್ಷೆಗೆ ನಿಂತವನ್ನು ಸೈಡಿಂಗ್, ಯಾರ್ಡ್ ಮಾರ್ಗಗಳಿಗೆ ಹಾಕಿದರೆ ಟನ್ನಿಗೆ 2.5 ಟನ್ ಅಲ್ಲೇ ಉಳಿಯುತ್ತದೆ.

ಡೀಸೆಲ್ ಜನರೇಟರ್ ಬಿಟ್ಟು ಗ್ರಿಡ್‌ಗೆ ಹೋದರೆ ಬಹಳ ಉಳಿತಾಯ ಎಂಬ ನಂಬಿಕೆ ಅಷ್ಟು ನಿಜವಲ್ಲ. ತುಂಬು ಹೊರೆಯಲ್ಲಿ ನಡೆಯುವ ಜನರೇಟರ್ ಯೂನಿಟ್ಟಿಗೆ 0.75ರಿಂದ 0.8 ಕೆ.ಜಿ. ಬಿಡುತ್ತದೆ, ಗ್ರಿಡ್ 0.7. ನಷ್ಟ ಆಗುವುದು ದೊಡ್ಡ ಜನರೇಟರನ್ನು ರಾತ್ರಿಯಿಡೀ ಹತ್ತು ಬಲ್ಬಿಗಾಗಿ ಓಡಿಸಿದಾಗ. ಕ್ಯಾಂಪಿಗೆ ಸೋಲಾರ್ ಮತ್ತು ಬ್ಯಾಟರಿ, ಬ್ಯಾಚಿಂಗ್ ಪ್ಲಾಂಟಿಗೆ ಗ್ರಿಡ್, ಇದು ಸರಿಯಾದ ಜೋಡಿ.

ಹೆಜ್ಜೆ 8: ಮರಗಳನ್ನು ಪ್ರಾಮಾಣಿಕವಾಗಿ ಲೆಕ್ಕಿಸಿ

ಒಣಗಿದ ಮರದ ತೂಕದಲ್ಲಿ ಅರ್ಧಕ್ಕೆ ಸ್ವಲ್ಪ ಕಡಿಮೆ ಇಂಗಾಲ. ಅದನ್ನು 3.67ರಿಂದ ಗುಣಿಸಿದರೆ ಡೈಆಕ್ಸೈಡ್ ಲೆಕ್ಕ ಬರುತ್ತದೆ. ಒಂದು ಟನ್ ಒಣ ತೂಕದ ಮರ ಕಡಿದು ಸುಟ್ಟರೆ ಸುಮಾರು 1.7 ಟನ್. ಬಯಲುಸೀಮೆಯಲ್ಲಿ ಇದು ಸಣ್ಣ ಸಾಲು, ಘಟ್ಟದಲ್ಲಿ ಹಾಗಲ್ಲ. ಹುಬ್ಬಳ್ಳಿ–ಅಂಕೋಲಾ ಮಾರ್ಗದ ಚರ್ಚೆ ಇಷ್ಟು ವರ್ಷ ಕಾಡಿನ ಸುತ್ತಲೇ ನಿಂತಿದೆ. ಅಂಥ ಕಾಡಿನ ಬೆಲೆ ಇಂಗಾಲದ ಒಂದು ಕಾಲಮ್ಮಿನಲ್ಲಿ ಹಿಡಿಯುವಂಥದ್ದೂ ಅಲ್ಲ. ಬದಲಿಗೆ ನೆಡುವ ಸಸಿಗಳು ಅಷ್ಟು ಇಂಗಾಲ ಹಿಡಿಯಲು ದಶಕಗಳು ಬೇಕು. ಸಸಿ ನೆಟ್ಟ ದಿನವೇ ಅದನ್ನು ಲೆಕ್ಕದಿಂದ ಕಳೆಯಬೇಡಿ.

ಹೆಜ್ಜೆ 9: ಟೆಂಡರಿನಲ್ಲಿ ಬರೆಯಿಸಿ

ಬರೆಯದಿದ್ದರೆ ಯಾರೂ ಮಾಡುವುದಿಲ್ಲ. ‘ಒಪಿಸಿ ಮಾತ್ರ’ ಎಂಬ ಹಳೆಯ ಸಾಲು ಅಭ್ಯಾಸದಿಂದ ಉಳಿದುಕೊಂಡಿದ್ದರೆ ತೆಗೆಸಿ, ಯಾವ ಭಾಗಕ್ಕೆ ಯಾವ ಸಿಮೆಂಟ್ ನಡೆಯುತ್ತದೆ ಎಂದು ಪಟ್ಟಿ ಕೊಡಿ. ಇಪಿಡಿ ಇದ್ದರೆ ಸಲ್ಲಿಸಬೇಕು ಎಂಬ ಷರತ್ತು ಇರಲಿ. ತಿಂಗಳ ಬಿಲ್ಲಿನ ಜೊತೆ ಡೀಸೆಲ್, ಸಿಮೆಂಟ್, ಉಕ್ಕು, ವಿದ್ಯುತ್ತಿನ ನಾಲ್ಕು ಸಂಖ್ಯೆಗಳ ಒಂದು ಪುಟ ಕಡ್ಡಾಯ ಮಾಡಿ. ಇಪಿಸಿ ಗುತ್ತಿಗೆಯಾದರೆ ವಿನ್ಯಾಸವೇ ಗುತ್ತಿಗೆದಾರರ ಕೈಯಲ್ಲಿರುತ್ತದೆ. ಅಲ್ಲಿ ಮೂಲ ಲೆಕ್ಕವನ್ನು ಕೊಟ್ಟು, ಅವರ ವಿನ್ಯಾಸದ ಲೆಕ್ಕವನ್ನು ಕೇಳಿ. ಬ್ರಿಟನ್ನಿನ ಪಾಸ್ 2080 ಎಂಬ ಮಾರ್ಗಸೂಚಿ ಮಾಲೀಕ, ವಿನ್ಯಾಸಕಾರ, ಗುತ್ತಿಗೆದಾರ, ಪೂರೈಕೆದಾರ ಎಲ್ಲರಿಗೂ ಹೀಗೆ ಪಾಲು ಹಂಚುತ್ತದೆ. ಸ್ವೀಡನ್ನಿನ ಬೋತ್ನಿಯಾ ಮಾರ್ಗ 2010ರಲ್ಲಿ ತೆರೆದಾಗ ಸುಮಾರು 190 ಕಿ.ಮೀ. ಮಾರ್ಗಕ್ಕೇ ಪರಿಸರ ಘೋಷಣಾ ಪತ್ರ ಸಿದ್ಧವಾಗಿತ್ತು. ಇದು ಆಗದ ಕೆಲಸವಲ್ಲ.

ಹೆಜ್ಜೆ 10: ಸೈಟಿನ ಪುಸ್ತಕಗಳಿಂದ ತಾಳೆ ನೋಡಿ

ಕೆಲಸ ಮುಗಿದಾಗ ಬಿಒಕ್ಯೂ ಹೇಳಿದ್ದು ಒಂದು, ನಡೆದದ್ದು ಇನ್ನೊಂದು ಆಗಿರುತ್ತದೆ. ತಾಳೆ ನೋಡಲು ಬೇಕಾದ ದಾಖಲೆಗಳು ಆಗಲೇ ಇವೆ. ಸಿಮೆಂಟಿಗೆ ಗೋದಾಮಿನ ರಿಜಿಸ್ಟರ್, ಕಬ್ಬಿಣಕ್ಕೆ ಇನ್‌ವಾಯ್ಸ್ ಮತ್ತು ತೂಕದ ಚೀಟಿ. ಸಾಗಣೆಯ ದೂರಕ್ಕೆ ಇ-ವೇ ಬಿಲ್ಲುಗಳು, ಅವುಗಳಲ್ಲಿ ಕಿ.ಮೀ. ಬರೆದೇ ಇರುತ್ತದೆ. ಡೀಸೆಲ್ಲಿಗೆ ಇಶ್ಯೂ ಪುಸ್ತಕವಿದೆ. ಆದರೆ ಉಪಗುತ್ತಿಗೆದಾರರ ಟಿಪ್ಪರುಗಳು ಊರ ಬಂಕಿನಲ್ಲಿ ತುಂಬಿಸಿದ್ದು ಅದರಲ್ಲಿ ಬರುವುದಿಲ್ಲ. ನಾನು ಮೊದಲ ಸಲ ತಾಳೆ ನೋಡಿದಾಗ ಪುಸ್ತಕದ ಡೀಸೆಲ್ಲಿಗೆ ಅಷ್ಟು ಮಣ್ಣು ಹೊತ್ತಿರಲು ಸಾಧ್ಯವೇ ಇರಲಿಲ್ಲ. ಆಮೇಲೆ ಟ್ರಿಪ್ ಶೀಟ್ ಹಿಡಿದು ಟ್ರಿಪ್ಪು, ದೂರ, ಮೈಲೇಜು ಗುಣಿಸಿ ಕಾಣದ ಡೀಸೆಲ್ಲನ್ನು ಸೇರಿಸಿದೆವು. ಈಗ ಎರಡೂ ಬಗೆಯಲ್ಲಿ ಲೆಕ್ಕ ಮಾಡುತ್ತೇನೆ, ಹತ್ತಕ್ಕೆ ಒಂದು ಪಾಲಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮಾತ್ರ ಕಾರಣ ಹುಡುಕುತ್ತೇನೆ.

ಕೊನೆಯ ಹಾಳೆಯಲ್ಲಿ ಮೂರು ಕಾಲಂ ಇರಲಿ: ಟೆಂಡರ್ ಹೊತ್ತಿನ ಅಂದಾಜು, ಮುಗಿದಾಗಿನ ಲೆಕ್ಕ, ವ್ಯತ್ಯಾಸಕ್ಕೆ ಕಾರಣ. ಅದರ ಒಂದು ಪ್ರತಿಯನ್ನು ಪೂರ್ಣಗೊಂಡ ಡ್ರಾಯಿಂಗುಗಳ ಕಟ್ಟಿನಲ್ಲೇ ಸೇರಿಸಿ. ಪಕ್ಕದ ಸೆಕ್ಷನ್ನಿನ ಅಂದಾಜು ಪಟ್ಟಿ ಮಾಡಲು ಬರುವವರು ಮೊದಲು ಬಿಚ್ಚುವುದು ಅದೇ ಕಟ್ಟನ್ನು.